ಜಮಾದಾರರ ಮನೆಯ ಮಹಡಿಯಲ್ಲಿ

ಮೊನ್ನೆ ಮೈಸೂರಿನ ವಿಜಯನಗರದ ಬಸ್ ನಿಲ್ದಾಣದ ಪಕ್ಕ ಚಪ್ಪಲಿ ಹೊಲಿಸಿಕೊಳ್ಳಲು ನಿಂತಿದ್ದೆ. ಹೊಲಿಯುವಾತ ಯಾರದೋ ಬೂಟಿಗೆಂದು ಕಪ್ಪು ಪಾಲಿಶಿನ ಡಬ್ಬಿ ತೆರೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಗ್ರಹಾರದ ಆ ಕಿರಿದಾದ ಬೀದಿ ನೆನಪಾಯಿತು. ಬೆಳಗಿನ ಹೊತ್ತು, ಜಗಲಿಯ ಮೇಲೆ ಕುಳಿತು ಬೂಟು ತಿಕ್ಕುತ್ತಿದ್ದ ನಮ್ಮ ಮನೆ ಮಾಲೀಕರು...

ಮದುವೆಯಾದ ಹೊಸತರಲ್ಲಿ ನಾವು ಅವರ ಮಹಡಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಬೀದಿಯವರೆಲ್ಲ ಅವರನ್ನು ಜಮಾದಾರರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರು, ಮಗಳು, ಇಬ್ಬರೇ. ನಾನು ಬಸುರಿಯಾದ ಮೇಲೆ, ನಲ್ಲಿಯಲ್ಲಿ ನೀರು ಬಂದ ಕೂಡಲೇ ಎರಡು ಬಿಂದಿಗೆ ತುಂಬಿ ಮೇಲೆ ತಂದು ನಮ್ಮ ಬಾಗಿಲಲ್ಲಿಟ್ಟು, ಮಾತಾಡದೆ ಇಳಿದು ಹೋಗುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ನಮ್ಮಲ್ಲಿ ಜಮಾದಾರನೆಂದರೆ ಜವಾನರ ಮೇಲಿನವನು. ಇವರೂ ಯಾವುದೋ ಕಚೇರಿಯಲ್ಲಿ ಹಾಗಿದ್ದು ನಿವೃತ್ತರಾದವರೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮಗಳಿಗೆ ಸರಸ್ವತಿಪುರಂನಿಂದ ಗಂಡು ಬಂತು. ಬ್ಯಾಂಕಿನಲ್ಲಿ ಕೆಲಸ. ಹುಡುಗ ಹುಡುಗಿ ಒಪ್ಪಿದ್ದರು, ಮಾತು ಮುಗಿದಂತೆಯೇ ಇತ್ತು. ಹುಡುಗನ ಚಿಕ್ಕಮ್ಮ ನಮ್ಮ ಕಚೇರಿಯವರೇ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ, ಹುಡುಗಿಯ ತಂದೆ ಏನಾಗಿದ್ದರು ಎಂದು ನನ್ನನ್ನು ಕೇಳಿದರು. ಜಮಾದಾರರಾಗಿದ್ದು ರಿಟೈರ್ ಆಗಿದ್ದಾರೆ ಎಂದೆ. ಒಳ್ಳೆಯ ಜನ, ಹುಡುಗಿ ಅಪರಂಜಿ ಎಂದೂ ಹೇಳಿದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ...

ನಾಲ್ಕು ದಿನಕ್ಕೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ನಿಜವಾದ ಕಾರಣವನ್ನು ಆ ಚಿಕ್ಕಮ್ಮನೇ ನನಗೆ ಹೇಳಿದರು: "ಜವಾನರ ಮನೆ ಹೆಣ್ಣು ಅಂತ ನಮ್ಮ ಭಾವ ಬೇಡ ಅಂದ್ಬುಟ್ರು ಕಣ್ರೀ."

ಸಂಜೆ ಗಂಡನಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ಜಮಾದಾರರು ಇದ್ದದ್ದು ಸೈನ್ಯದಲ್ಲಿ, ಅಲ್ಲಿ ಅದು ಅಧಿಕಾರಿಯ ದರ್ಜೆ ಎಂದು ಎದುರುಮನೆಯವರು ಅವರಿಗೆ ಯಾವಾಗಲೋ ಹೇಳಿದ್ದರಂತೆ. ನನಗೆ ಹೇಳುವುದನ್ನು ಮರೆತಿದ್ದರು.

ಅಳುತ್ತಲೇ ಕೆಳಗಿಳಿದೆ. ಜಮಾದಾರರು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಒಪ್ಪಿಕೊಂಡೆ. ಸೈನ್ಯದ ಕಾಗದ ಕೊಡಿ, ನಾಳೆಯೇ ಹೋಗಿ ಅವರಿಗೆ ತೋರಿಸಿ ಬರುತ್ತೇನೆ ಎಂದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು.

"ನೀನು ಹೇಳಿದ್ದು ಸುಳ್ಳಲ್ಲ ಕಣಮ್ಮ. ಜನ ಜಮಾಯಿಸಿದ್ರು ಅಂತೀವಲ್ಲ, ಅದೇ ಜಮಾ. ಪಾಲುದಾರ, ಚಂದಾದಾರ ಅಂತೀವಲ್ಲ, ಅದೇ ದಾರ. ಗುಂಪನ್ನ ಹಿಡಿದಿಟ್ಟುಕೊಳ್ಳೋನು ಅಂತ ಅರ್ಥ. ಪಾರ್ಸಿ ಮಾತು, ನಮ್ಮ ಪಲ್ಟನ್ನಿನ ಮೌಲ್ವಿಗಳು ಹೇಳಿದ್ರು. ನಾನು ಒಂದಷ್ಟು ಸಿಪಾಯಿಗಳನ್ನ ಹಿಡಿದಿಟ್ಟಿದ್ದೆ, ನಿಮ್ಮ ಆಫೀಸಿನೋನು ಜವಾನರನ್ನ ಹಿಡಿದಿಟ್ಟಿದ್ದಾನೆ. ಅವನಂಥೋನು ನಾನಲ್ಲ ಅಂತ ಹೇಳೋಕೆ ಕಾಗದ ತೆಗೀಲಾ?"

ತಾವು ನಿವೃತ್ತರಾದ ಮೇಲೆ ಸೈನ್ಯವೇ ಆ ಹೆಸರನ್ನು ಕೈಬಿಟ್ಟಿತೆಂದೂ, ಈಗ ಅದೇ ದರ್ಜೆಗೆ ನಾಯಬ್ ಸುಬೇದಾರ್ ಎನ್ನುತ್ತಾರೆಂದೂ ಹೇಳಿದರು. ಹಾಗೆಂದೇ ಹೇಳಿಕೊಂಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲವಲ್ಲ ಎಂದೆ. ತಾವಿದ್ದಾಗ ಇಲ್ಲದ ಹೆಸರನ್ನು ಹೇಗೆ ಇಟ್ಟುಕೊಳ್ಳಲಿ ಎಂದರು.

ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. "ಕಾಗದ ನೋಡಿ ಒಪ್ಪೋ ಮನೆಗೆ ನಾನು ಹೋಗಲ್ಲ ಅಕ್ಕಾ" ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಮಾರನೆಯ ದಿನ ಅವಳ ಕಣ್ಣು ಊದಿಕೊಂಡಿತ್ತು. ಆ ಹುಡುಗನನ್ನು ಅವಳು ಮೆಚ್ಚಿದ್ದಳು... ಅದನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ. ಜಮಾದಾರರು ಮಾರನೆಯ ದಿನವೂ ಎರಡು ಬಿಂದಿಗೆ ನೀರು ತಂದಿಟ್ಟರು.

ಎರಡು ವರ್ಷದ ಮೇಲೆ ಹುಣಸೂರಿನ ಮೇಷ್ಟ್ರೊಬ್ಬರು ಅವಳನ್ನು ಮದುವೆಯಾದರು. ಒಳ್ಳೆಯ ಸಂಸಾರ. ಅದೇ ವರ್ಷ ನಮಗೆ ಕಲಬುರಗಿಗೆ ವರ್ಗವಾಯಿತು. ಮೊದಮೊದಲು ಕಾಗದ ಬರೆಯುತ್ತಿದ್ದೆ. ಮಕ್ಕಳು, ಕಚೇರಿ... ಆಮೇಲೆ ನಿಂತುಹೋಯಿತು. ಜಮಾದಾರರು ತೀರಿಕೊಂಡ ಸುದ್ದಿ ಅಲ್ಲಿಗೆ ತಲುಪುವಷ್ಟರಲ್ಲಿ ಎರಡು ತಿಂಗಳಾಗಿತ್ತು.

ಮೊನ್ನೆ ಮನೆಗೆ ಬಂದವಳೇ ಅವರಿವರನ್ನು ವಿಚಾರಿಸಿ ಮಗಳ ನಂಬರು ಹುಡುಕಿ ಫೋನು ಮಾಡಿದೆ. ಅವಳಿಗೀಗ ಮೊಮ್ಮಕ್ಕಳಿದ್ದಾರೆ. ಕಡೆಕಡೆಗೆ ಅಪ್ಪನಿಗೆ ಹಿಂದುಮುಂದು ತಿಳಿಯುತ್ತಿರಲಿಲ್ಲ ಎಂದಳು. ಸಂಜೆಯಾದರೆ ಎದ್ದು ಕುಳಿತು ಹಾಜರಿ ಕೂಗುತ್ತಿದ್ದರಂತೆ. ಮೊದಲು ಸಿಪಾಯಿಗಳ ಹೆಸರು, ಆಮೇಲೆ ಹೆಂಡತಿಯದು, ಮಗಳದು. ಕೊನೆಗೆ "ಮಹಡಿ ಮನೆ ಹುಡುಗಿ" ಎಂದು ಕೂಗಿ ಬಾಗಿಲ ಕಡೆ ನೋಡುತ್ತಿದ್ದರಂತೆ.

"ನಿಮ್ಮ ಹೆಸರಿಗೂ ನಾನೇ ಹಾಜರ್ ಅಂತಿದ್ದೆ ಅಕ್ಕಾ. ಇಲ್ದಿದ್ರೆ ಊಟಕ್ಕೆ ಏಳ್ತಿರಲಿಲ್ಲ."

ಫೋನು ಇಟ್ಟೆ. ಕಲಬುರಗಿಯಿಂದ ಮೈಸೂರಿಗೆ ಒಂದು ದಿನದ ದಾರಿ. ಬರಬಹುದಿತ್ತು. ಬರಲಿಲ್ಲ.