ಸಿಮೆಂಟು ಮೆತ್ತಿದ ತಡೆಗೋಡೆ

ಶಾಂತಿಗ್ರಾಮದಲ್ಲಿ ಹಬ್ಬಿದ್ದ ಸುದ್ದಿ ಇದು: ಹಾಸನದ ಕಾಲೇಜಿನ ಯಶೋಧರಾ ಮೇಡಂ, ವಿದ್ಯಾರ್ಥಿಗಳು ಬೆವರು ಸುರಿಸಿ ಕಟ್ಟಿದ ಗೋಡೆಯನ್ನು ಸಿಟ್ಟಿನಲ್ಲಿ ಕೆಡವಿಸಿಬಿಟ್ಟರಂತೆ. ಗೋಡೆ ಕೆಡವಿದ್ದು ನಿಜ. ಸಿಟ್ಟು ಸುಳ್ಳು, ಕೆಡವಲು ಹೇಳಿದವರೂ ಅವರಲ್ಲ.

ಚನ್ನರಾಯಪಟ್ಟಣದ ವ್ಯಾಪಾರಸ್ಥರ ಮನೆಯ ಯಶೋಧರಾ ಭೂದೃಶ್ಯ ವಿನ್ಯಾಸದ ವಿದ್ಯಾರ್ಥಿಗಳಿಗೆ ನಿರ್ಮಾಣ ಕಲಿಸುತ್ತಾರೆ: ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದು, ಮಳೆನೀರಿಗೆ ದಾರಿ ಮಾಡಿಕೊಡುವುದು. ಈ ವಿದ್ಯೆ ನಕ್ಷೆಯ ಹಾಳೆಯಲ್ಲೇ ಮುಗಿಯಬಾರದೆಂದು ಹಟ ಹಿಡಿದು, ಶಾಂತಿಗ್ರಾಮದ ಶಾಲೆಯ ಹಿಂದೆ ವಿದ್ಯಾರ್ಥಿಗಳ ಕೈಯಿಂದಲೇ ತಡೆಗೋಡೆ ಕಟ್ಟಿಸಲು ಹೊರಟರು. ಪ್ರಾಂಶುಪಾಲರು ಒಂದು ಷರತ್ತು ಹಾಕಿದರು: ಮಳೆಗಾಲ ಕಳೆದು ಗೋಡೆ ನಿಂತಿದ್ದರೆ ಪಾಠ ಮುಂದುವರಿಯುತ್ತದೆ, ಬಿದ್ದರೆ ಇನ್ನು ಕೋಣೆಯ ಪಾಠವೇ ಸಾಕು.

ಅದು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದ ಗೋಡೆ. ಹಿಂದಿನ ನೀರು ಸಂದಿಗಳಿಂದಲೇ ಹೊರಬೀಳಬೇಕು. ಆದರೆ ದೊಡ್ಡವರಿಗೆ ತೋರಿಸುವ ಗೋಡೆಗೆ ಗಾರೆಯಿಲ್ಲದಿದ್ದರೆ ಅದು ಅರೆಬರೆ ಕೆಲಸವೆಂಬುದು ನಮ್ಮ ಕಡೆಯ ಭಾವನೆ. ಪ್ರಾಂಶುಪಾಲರು ನೋಡಲು ಬರುತ್ತಾರೆಂದು ತಿಳಿದ ವಿದ್ಯಾರ್ಥಿಗಳು, ಯಶೋಧರಾ ಇಲ್ಲದ ದಿನ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿದರು. ಪ್ರಾಂಶುಪಾಲರಿಗಿಂತ ಮೊದಲು ಮಳೆ ಬಂತು. ಮಣ್ಣು ನೆನೆದು ಭಾರವಾಗಿ, ಗೋಡೆಯ ನಡುಭಾಗ ಮುಂದಕ್ಕೆ ಉಬ್ಬಿತು.

ಪಕ್ಕದ ಮನೆಯ ದೊಡ್ಡತಾಯಮ್ಮ ಬಂದು ನೋಡಿ, "ಏನ್ರವ್ವಾ, ನಿಮ್ ಗ್ವಾಡೆ ಬಸ್ರಿ ಆದಂಗೈತಲ್ಲಾ! ಸೀಮಂತ ಯಾವಾಗ?" ಎಂದಳು.

ಯಾರಿಗೂ ನಗಲಾಗಲಿಲ್ಲ. ಸಿಮೆಂಟು ಕಲಸಿದ್ದ ಮಾನ್ಯ, ಸುದ್ದಿ ತಿಳಿದು ಬಂದಿದ್ದ ಯಶೋಧರಾ ಅವರನ್ನು ಕೇಳಿದಳು: "ಮೇಡಂ, ಸಿಮೆಂಟ್ ಕೆತ್ತಿ ತೆಗೆದ್ರೆ ಆಗಲ್ವಾ?"

"ಕೆತ್ಬೋದು. ನೀರೇನೋ ಆಚೆಗ್ ಬತ್ತದೆ. ಉಬ್ಬಿರೋ ಕಲ್ಲು ವಾಪಸ್ ಓಗುತ್ತಾ?"

"ಇಲ್ಲ."

"ಮತ್ತೆ? ಕಟ್ಟಿರೋರು ನೀವು. ನೀವೇ ಯೋಳಿ."

ಮಾನ್ಯ ಗೆಳೆಯರತ್ತ ತಿರುಗಿದಳು. "ಬಿಚ್ಬುಡಾಣ ಕಣ್ರೋ."

"ಪ್ರಿನ್ಸಿಪಾಲ್ರು ಪಾಠನೇ ನಿಲ್ಲಿಸ್ಬುಟ್ರೆ?" ಎಂದ ಮೋಹನ್‌ಕುಮಾರ್.

"ಅದನ್ನ ನಾನು ನೋಡ್ಕತೀನಿ," ಎಂದರು ಯಶೋಧರಾ.

ಮರುದಿನ ಅವರು ಪ್ರಾಂಶುಪಾಲರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ತಪ್ಪು ತಿಳಿದ ಮೇಲೆ ಬಿಚ್ಚುವುದೂ ನಿರ್ಮಾಣದ ಪಾಠವೇ ಎಂದು ವಾದಿಸಿದರು. ಪ್ರಾಂಶುಪಾಲರು, "ಷರತ್ತು ಬದಲಾಗಲ್ಲ, ಮೇಡಂ," ಎಂದರು. ಅಷ್ಟೇ ಸಾಕಾಗಿತ್ತು: ಮಳೆಗಾಲ ಕಳೆದಾಗ ಗೋಡೆ ನಿಂತಿರಬೇಕೆಂಬುದಷ್ಟೇ ಷರತ್ತು, ನಡುವೆ ಬಿಚ್ಚಿ ಕಟ್ಟಬಾರದೆಂದು ಅದರಲ್ಲಿರಲಿಲ್ಲ.

ವಿದ್ಯಾರ್ಥಿಗಳು ಕಲ್ಲುಗಳನ್ನು ಒಂದೊಂದಾಗಿ ಇಳಿಸಿದರು. ಈ ಬಾರಿ ಗೋಡೆಯ ಹಿಂದೆ ಜಲ್ಲಿ ತುಂಬಿ, ಸಂದಿಗಳನ್ನು ತೆರೆದೇ ಬಿಟ್ಟು ಮತ್ತೆ ಕಟ್ಟಿದರು. ಆಷಾಢದ ಮಳೆಯಲ್ಲಿ ಪ್ರಾಂಶುಪಾಲರು ಕೊಡೆ ಹಿಡಿದು ಬಂದು ನೋಡಿದಾಗ, ನೀರು ಕಲ್ಲುಗಳ ನಡುವಿನಿಂದ ತಿಳಿಯಾಗಿ ಇಳಿಯುತ್ತಿತ್ತು.

ಗೋಡೆ ಈಗ ಎರಡು ಮಳೆಗಾಲ ಕಂಡು ನೆಟ್ಟಗೆ ನಿಂತಿದೆ. ಪಾಠ ಉಳಿದಿದೆ. ಈ ವರ್ಷದ ತಂಡದೊಂದಿಗೆ ಯಶೋಧರಾ ಹರದನಹಳ್ಳಿಯಲ್ಲಿ ಕೆರೆಗೆ ಇಳಿಯುವ ಮೆಟ್ಟಿಲು ಕಟ್ಟಿಸುತ್ತಿದ್ದಾರೆ.