ಸುಲೋಚನಮ್ಮ ಬದುವಿಗೆ ಬಳಿದ ವಿಭೂತಿ

ಸುಲೋಚನಮ್ಮ ಹಸಿಮೆಣಸಿನಕಾಯಿ ಮೂಟೆ ಇಳಿಸಿದರೆ ಸಾಕು, ಶನಿವಾರಸಂತೆಯ ವ್ಯಾಪಾರಿ ತಕ್ಕಡಿಯ ತಟ್ಟೆಯನ್ನು ತಾನಾಗಿಯೇ ಮಗುಚಿ ತೋರಿಸುತ್ತಾನೆ, ಅಡಿಯಲ್ಲಿ ಏನೂ ಅಂಟಿಸಿಲ್ಲ ಎಂದು. ತೋರಿಸದಿದ್ದರೆ ಬಿಡುವ ಪೈಕಿಯಲ್ಲ ಈಯಮ್ಮ. ಬಸ್ಸಿನ ಟಿಕೇಟನ್ನೂ ಎರಡು ಕಡೆ ತಿರುಗಿಸಿ ನೋಡುವವಳು. ಮದುವೆಯಾದ ಹೊಸದರಲ್ಲಿ ಗಂಡ ಚನ್ನಮಲ್ಲಪ್ಪ ಪಾಪ, ಹೂ ತಂದುಕೊಟ್ಟರೆ, "ಏನ್ ತಪ್ಪು ಮಾಡ್ಕೊಂಡು ಬಂದ್ರಿ?" ಎಂದು ಕೇಳಿದ್ದಳಂತೆ!

ಇರುವುದು ಒಂದೇ ತುಂಡು ಗದ್ದೆ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಮಣ್ಣಿನಲ್ಲಿ ಮೆಣಸಿನಕಾಯಿ, ಬೀನ್ಸು. ಭತ್ತ ಮನೆಯದು, ಮೆಣಸಿನಕಾಯಿ ಮಾತ್ರ ಅವಳದು. ಅದರ ದುಡ್ಡಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಒಂದು ವರ್ಷ ಚನ್ನಮಲ್ಲಪ್ಪ, "ಈ ಸಲಾನೂ ಭತ್ತ ಕೈಕೊಟ್ರೆ ಶುಂಠಿಯವ್ರಿಗೆ ಗುತ್ತಿಗೆ ಕೊಟ್ಟು ತೆಪ್ಪಗಿರೋಣ" ಎಂದಾಗ ಅವಳು ಉರಿದುಬಿದ್ದಳು. ಶುಂಠಿಯವರು ವಿಷ ಸುರಿದು ಬೆಳೆದು ಹೊರಟುಹೋಗುತ್ತಾರೆ. ಆಮೇಲೆ ಆ ಮಣ್ಣಿನಲ್ಲಿ ಮೆಣಸಿನ ಗಿಡ ಏಳುತ್ತದೆ ಎಂಬ ನಂಬಿಕೆ ಅವಳಿಗಿರಲಿಲ್ಲ.

ಆಗ ಮುಂದೆ ಬಂದವಳು ಸೊಸೆ ಶಾಂಭವಿ. ಎಲ್ಲೋ ತರಬೇತಿಗೆ ಹೋಗಿ ಬಂದಿದ್ದಳು. "ಎಳೇ ಸಸಿ ಒಂದೊಂದೇ, ದೂರ ದೂರ ನೆಡೋಣ ಅತ್ತೆ. ಕೊಟ್ಟಿಗೆ ಗೊಬ್ಬರ ಸಾಕು. ಬುಡದಿಂದ ತೆಂಡೆ ಜಾಸ್ತಿ ಒಡೀತದೆ."

"ಬೋಳು ತಲೇಗೆ ಕೂದ್ಲು ನೆಟ್ಟಂಗೈತೆ," ಎಂದಳು ಸುಲೋಚನಮ್ಮ. "ಮಿಕ್ಕಿದ್ ಸಸೀನ ಎಲ್ಲಿಗ್ ಸಾಗಿಸ್ತೀಯೆ, ತವರಿಗಾ?"

ಶಾಂಭವಿ ತಾನು ಹೇಳಿದಂತೆಯೇ ನಾಟಿ ಮುಗಿಸಿದಳು.

ಆ ವರ್ಷ ಮಳೆ ಒಂದು ವಾರ ಸುರಿದರೆ ಮತ್ತೊಂದು ವಾರ ನಾಪತ್ತೆ. ನೀರಿಗೆ ಬೆಲೆ ಬಂತು. ಅಷ್ಟರಲ್ಲಿ ಸುಲೋಚನಮ್ಮನ ಗದ್ದೆಯ ನೀರು ಮಾಯವಾಗತೊಡಗಿತು. ನೋಡಿದರೆ ಬದುವಿನಲ್ಲಿ ಕಂಡಿ! ನೀರೆಲ್ಲ ಕೆಳಗಿನ ಮಂಜೇಶನ ಗದ್ದೆಗೆ ಹರಿದಿದೆ. ಅವಳ ಪಿತ್ತ ನೆತ್ತಿಗೇರಿತು. ಕೆಸರು ಮೆತ್ತಿ ಕಂಡಿ ಮುಚ್ಚಿದಳು, ಮೇಲೆ ಮೂರು ಬೆರಳಿನಿಂದ ವಿಭೂತಿಯ ಮೂರು ಗೆರೆ ಎಳೆದಳು. ಶಿವನ ಗುರುತು ಅಳಿಸುವ ಧೈರ್ಯ ಈ ಊರಲ್ಲಿ ಯಾರಿಗಿದೆ?

ಯಾರೂ ಅಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಮೂರು ಗೆರೆ ಹಾಗೇ ಇತ್ತು, ಒಂದು ಗೇಣು ಪಕ್ಕದಲ್ಲಿ ಹೊಸ ಕಂಡಿ ಇತ್ತು! ಹಣೆ ತುಂಬ ವಿಭೂತಿ ಬಳಿದುಕೊಳ್ಳುವವನು ಮಂಜೇಶ. ಗೆರೆಗೆ ಅಂಜಿ ಪಕ್ಕದಲ್ಲಿ ಕಡಿದಿದ್ದಾನೆ, ಇನ್ನು ಸಾಕ್ಷಿ ಯಾಕೆ ಬೇಕು? ಮತ್ತೆ ಮುಚ್ಚಿದಳು, ಮತ್ತೆ ಕಂಡಿ. ಈ ನಡುವೆ ಸಸಿಗಳು ಹಳದಿಗೆ ತಿರುಗಿದವು.

ಶನಿವಾರ ಬೆಳಿಗ್ಗೆಯೂ ಹೊಸ ಕಂಡಿ ಮುಚ್ಚಿ ಸಂತೆಗೆ ಹೋದರೆ ಅಲ್ಲಿ ಮಂಜೇಶ ಸಿಕ್ಕಿದ. ವೀಳ್ಯದೆಲೆ ಅಂಗಡಿಯ ಮುಂದೆ, ಹತ್ತು ಜನರೆದುರು, "ಈಬತ್ತಿ ಬಳ್ಕೊಂಡು ನೀರ್ ಕದೀತೀಯಲ್ಲೋ, ನಾಚ್ಕೆ ಆಗಲ್ವಾ?" ಎಂದು ಮುಖದ ನೀರಿಳಿಸಿದಳು.

"ನಿನ್ನೆಯಿಂದ ಊರಲ್ಲೇ ಇಲ್ಲ ಸುಲೋಚನಕ್ಕ. ಅಕ್ಕನ ಮನೇಲಿದ್ದೆ, ಸೀದ ಸಂತೆಗ್ ಬಂದಿದೀನಿ," ಎಂದ ಮಂಜೇಶ.

ಸುಳ್ಳು! ಅವನ ಹೆಂಡತಿಯನ್ನೇ ಕೇಳಿ ಇವನ ಬಣ್ಣ ಬಯಲು ಮಾಡುತ್ತೇನೆಂದು ಸಾಮಾನನ್ನೂ ಕೊಳ್ಳದೆ ಬಸ್ಸು ಹತ್ತಿದಳು. ದಾರಿಯಲ್ಲಿ ಗದ್ದೆಯ ಹತ್ತಿರ ಬಂದು ನೋಡುತ್ತಾಳೆ, ಶಾಂಭವಿ ಸೀರೆ ಎತ್ತಿ ಕಟ್ಟಿ, ಮೂರು ಗೆರೆ ತಪ್ಪಿಸಿ, ಬದು ಕಡಿಯುತ್ತಿದ್ದಾಳೆ.

"ನೀನಾ?"

"ಈ ಥರ ನಾಟಿಗೆ ನೀರು ನಿಂತ್ರೆ ಬೇರು ಕೊಳೀತದೆ ಅತ್ತೆ. ಆಗಾಗ ಬಿಟ್ಟು ಮಣ್ಣು ಆರಿಸ್ಬೇಕು. ನಾನು ತೆಗೆಯೋದು, ನೀವು ಕಟ್ಟೋದು. ನೋಡಿ, ನೀರು ನಿಂತು ಸಸಿ ಹೆಂಗ್ ಹಳದಿ ಆಗಿದೆ."

"ನಂಗೊಂದ್ ಮಾತು ಹೇಳಕ್ಕೇನಾಗಿತ್ತು?"

"ಸಸಿ ಮಿಕ್ಕಿದ್ದಕ್ಕೇ ತವರಿಗೆ ಸಾಗಿಸ್ತೀಯಾ ಅಂದ್ರಿ. ಮಂಜೇಶಣ್ಣನ ಗದ್ದೆಗೆ ನೀರು ಬಿಡ್ತೀನಿ ಅಂದಿದ್ರೆ ಏನಂತಿದ್ರಿ?"

ಏನನ್ನುತ್ತಿದ್ದಳು ಎಂಬುದು ಸುಲೋಚನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ಆಗಲೇ ನಾಲಿಗೆಯ ತುದಿಯಲ್ಲಿತ್ತು. ನಾಚಿಕೆಯಿಂದ ಅವಳಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ಗುದ್ದಲಿ ಕಿತ್ತುಕೊಂಡು ತಾನೇ ಕಡಿಯತೊಡಗಿದಳು.

ಅಷ್ಟರಲ್ಲಿ ಸಂತೆಯಿಂದ ಮಂಜೇಶನೂ ಬಂದ. ನೀರು ತನ್ನ ಗದ್ದೆಗೆ ನುಗ್ಗುವುದನ್ನು ಕಂಡವನೇ ಇಳಿದು ಎರಡು ಹೆಂಟೆ ಕೆಸರು ತಂದು ಕಂಡಿಗೆ ಅಡ್ಡ ಒತ್ತಿದ.

"ಬಿಡೋ ಮಾರಾಯ," ಎಂದಳು ಸುಲೋಚನಮ್ಮ. "ನೀನ್ ಕದ್ದಿಲ್ಲ, ನಂದೇ ತಪ್ಪು. ನೀರು ಹೋಗ್ದಿದ್ರೆ ನನ್ ಸಸಿ ಉಳಿಯಲ್ಲ."

"ಬೆಳಿಗ್ಗೆ ಕಳ್ಳ, ಈಗ ಧರ್ಮಕ್ಕೆ ನೀರು! ನೀರಿಗೆ ಏನ್ ವಿಷ ಕಲಸಿದೀರೋ ಏನೋ," ಎಂದ ಮಂಜೇಶ. ಅವಳನ್ನೇ ನೋಡುತ್ತ, ಮೆತ್ತಿದ ಕೆಸರಿನ ಮೇಲೆ ನಿಧಾನವಾಗಿ ಮೂರು ಗೆರೆ ಎಳೆದ.

ನೀರು ಹಿಂದಕ್ಕೆ ತಿರುಗಿ ಹಳದಿ ಸಸಿಗಳ ಬುಡಕ್ಕೆ ಬಂತು. ಗುದ್ದಲಿ ಅವಳ ಕೈಯಲ್ಲೇ ಇತ್ತು. ಆದರೆ ಆ ಗೆರೆಗೆ ಗುದ್ದಲಿ ಹಾಕುವುದು ಹೇಗೆ? ಸುಲೋಚನಮ್ಮ ಮಂಡಿಯೂರಿ, ಅದೇ ಕೆಸರು ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಳು.

"ನುಂಗಿದ್ರಾ?" ಎಂದ ಮಂಜೇಶ.

ಅವಳು ಬಾಯಿ ತೆರೆದು ತೋರಿಸಿದಳು. ಅವನು ಬಗ್ಗಿ ನೋಡಿದ. ಆಮೇಲೆ ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡು, ಮೂರು ಗೆರೆ ಬಿಟ್ಟು, ಒಂದು ಗೇಣು ಪಕ್ಕದಲ್ಲಿ ಕಡಿದ.