ಹುಳುಮನೆಯಲ್ಲಿ ಆಡಿದ ಫುಟ್‌ಬಾಲ್

ಮುಳ್ಳೂರಿನ ನಮ್ಮ ಫುಟ್‌ಬಾಲ್ ತಂಡಕ್ಕೆ ಇದ್ದದ್ದು ಐದು ಜನ, ಒಂದು ಚೆಂಡು, ಮತ್ತು ನಮ್ಮ ಹುಳುಮನೆ. ರೇಷ್ಮೆಹುಳು ಸಾಕಲೆಂದು ಅಪ್ಪ ಹೊಲದ ತುದಿಯಲ್ಲಿ ಕಟ್ಟಿಸಿದ್ದ ಉದ್ದನೆಯ ಹೆಂಚಿನ ಮನೆ ಅದು. ಕಿಟಕಿಗಳಿಗೆಲ್ಲ ನೊಣ ನುಗ್ಗದಂತೆ ಬಲೆ. ಒಂದು ಬೆಳೆಯ ಗೂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೋದ ಮೇಲೆ ಮುಂದಿನ ಬೆಳೆಯ ಮರಿಹುಳು ಬರುವ ತನಕ ಆ ಮನೆ ಖಾಲಿ ಬಿದ್ದಿರುತ್ತಿತ್ತು. ಮಳೆಗಾಲದಲ್ಲಿ ಮೈದಾನ ಕೆಸರುಗದ್ದೆಯಾದಾಗ ನಾವು ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡುಗಳನ್ನು ಗೋಡೆಗೆ ಒತ್ತರಿಸಿ, ಸೊಪ್ಪು ತುಂಬುವ ಮಂಕರಿಗಳನ್ನಿಟ್ಟು ಗೋಲು ಮಾಡಿಕೊಳ್ಳುತ್ತಿದ್ದೆವು. ಗೋಡೆಗೆ ಬಡಿದ ಚೆಂಡೂ ಆಟದೊಳಗೇ. ಹೊರಗೆ ಹೋಯಿತೆಂಬ ತಕರಾರೇ ಇಲ್ಲ. ಕ್ಯಾಪ್ಟನ್ ನಾನೇ. ಚೆನ್ನಾಗಿ ಆಡುತ್ತಿದ್ದೆನೆಂದಲ್ಲ, ಮನೆ ನಮ್ಮದಾಗಿತ್ತು.

ಅವ್ವನದು ಒಂದೇ ಕಟ್ಟುಪಾಡು. ಮನೆ ತೊಳೆದು, ಬ್ಲೀಚಿಂಗ್ ಪೌಡರಿನ ನೀರು ಹೊಡೆದು ಬಾಗಿಲು ಹಾಕಿದ ಮೇಲೆ ಹುಳು ಬರುವ ತನಕ ಯಾರೂ ಕಾಲಿಡುವಂತಿಲ್ಲ. “ಉಳ ಅಂದ್ರೆ ಅಸುಗೂಸು ಇದ್ದಂಗೆ ಕಣ್ಲಾ” ಎನ್ನುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ನನಗೆ ಆಗ ಇಪ್ಪತ್ತೊಂದು, ಬಂಡಳ್ಳಿಯ ಐವರನ್ನು ಆಟಕ್ಕೆ ಕರೆದಿದ್ದೆ. ಅವರು ಬಂದದ್ದು ಬಾಗಿಲು ಹಾಕಿದ ಮಾರನೆಯ ದಿನ, ಸುರಿಯುವ ಮಳೆಯಲ್ಲಿ. ಹುಳು ಬರುವುದು ಮರುದಿನ. ಅಪ್ಪ ಅವ್ವ ಊರೊಳಗೆ ಸಾವಿನ ಮನೆಗೆ ಹೋಗಿದ್ದರು. ಬಸ್ಸಿನಲ್ಲಿ ನೆನೆದುಕೊಂಡು ಬಂದವರನ್ನು ವಾಪಸ್ ಕಳಿಸಲು ನನಗೆ ಮುಖವಿರಲಿಲ್ಲ. ಎಲ್ಲರ ಕಾಲನ್ನೂ ಬ್ಲೀಚಿಂಗ್ ನೀರಿನಲ್ಲಿ ಅದ್ದಿಸಿ ಒಳಗೆ ಬಿಟ್ಟೆ. ಎಂಥ ಜಾಣತನ ಅನ್ನಿಸಿತ್ತು ಆಗ.

ಗೆದ್ದೆವು. ಚೆಂಡನ್ನು ಎದೆಗವಚಿಕೊಂಡು ಕೂತಿದ್ದ ಅವರ ಗೋಲ್‌ಕೀಪರ್ ನಗುತ್ತಲೇ ಹೇಳಿದ: “ನಮ್ಮಟ್ಟಿ ಉಳವೆಲ್ಲ ರೋಗ ಬಂದು ಸತ್ತೋದೋ. ಮೊನ್ನೆ ಗುಂಡಿಗೆ ಸುರುದ್ಬುಟ್ವಿ. ಇಲ್ದಿದ್ರೆ ಆಟಕ್ಕೆ ಬರಕ್ಕೆ ನಂಗೆಲ್ಲಿ ಪುರುಸೊತ್ತು?”

ಆ ರೋಗ ಕೈಗೆ, ಬಟ್ಟೆಗೆ ಅಂಟಿಕೊಂಡೂ ಬರುತ್ತದೆ; ನಾನು ಅದ್ದಿಸಿದ್ದು ಕಾಲನ್ನು ಮಾತ್ರ. ಅವರನ್ನು ಬಸ್ಸು ಹತ್ತಿಸಿ ಓಡಿಬಂದು, ಉಳಿದಿದ್ದ ಪೌಡರನ್ನೆಲ್ಲ ಕಲಸಿ ನೆಲ ಉಜ್ಜಿದೆ. ಗೋಡೆಯ ಮೇಲೆ ಚೆಂಡು ಬಡಿದ ಗುರುತುಗಳನ್ನು ಒಂದೊಂದಾಗಿ ಹುಡುಕಿ ಒರೆಸಿದೆ. ಯಾರಿಗೂ ಹೇಳಲಿಲ್ಲ.

ಹುಳು ಬಂದ ಮೇಲಿನ ಮೂರು ವಾರ ಹೊತ್ತುಹೊತ್ತಿಗೆ ತಟ್ಟೆಗಳನ್ನು ಇಣುಕಿ ನೋಡುತ್ತಿದ್ದೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿ ನಿಲ್ಲುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದನೇ ಜ್ವರ ದಾಟಿತು, ಎರಡು, ಮೂರು. ಪ್ರತಿ ಸಲವೂ ಬದುಕಿದೆ ಅಂದುಕೊಂಡೆ. ನಾಲ್ಕನೆಯದು ಕಳೆದ ಮೇಲೆ ಹುಳುಗಳು ಊದಿಕೊಂಡು, ಮೈ ಒಡೆದು ಹಾಲಿನಂಥ ರಸ ಸೋರತೊಡಗಿತು. ಅರ್ಧಕ್ಕರ್ಧ ಗುಂಡಿ ಸೇರಿದವು.

ಗುಂಡಿಯ ಪಕ್ಕ ಅವ್ವ ಅಪ್ಪನಿಗೆ ಹೇಳಿದಳು: “ಸಾವಿನ್ ಮನೇಗೋಗಿ ಬಂದು ತಲೆಗೆ ನೀರು ಉಯ್ಕಳ್ದೆ ಉಳ ಮುಟ್ಬುಟ್ಟೆ. ನೆಗಡಿ ಅಂತ ಸೋಂಬೇರಿ ಆದೆ. ನನ್ನಿಂದ್ಲೇ ಆದ್ದು ಇದು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ನಾನು. ಅವತ್ತು ಅದನ್ನೂ ಮಾಡಲಿಲ್ಲ. ಗುದ್ದಲಿ ತೆಗೆದುಕೊಂಡು ಮಣ್ಣು ಮುಚ್ಚಿದೆ. ರೋಗ ಮಳೆಯ ತಂಡಿಗೂ ಬಂದಿರಬಹುದು, ಒದ್ದೆ ಸೊಪ್ಪಿಗೂ ಬಂದಿರಬಹುದು. ಇವತ್ತಿಗೂ ನನಗೆ ಗೊತ್ತಿಲ್ಲ.

ಅಂದಿನಿಂದ ಹುಳು ಮನೆಯಲ್ಲಿದ್ದರೆ ಅವ್ವ ಯಾರ ಸಾವಿಗೂ ಹೋಗುತ್ತಿರಲಿಲ್ಲ. ಬೀದಿಯ ಹೆಂಗಸರು ಆಡಿಕೊಂಡರು. ನಾನು ಚೆಂಡು ಮುಟ್ಟುವುದನ್ನು ಬಿಟ್ಟೆ, ಬಾಯಿ ಮಾತ್ರ ಬಿಡಲಿಲ್ಲ.

ಮರುವರ್ಷ ಹೊನ್ನೂರಿನಿಂದ ಸುದ್ದಿ ಬಂತು. ಅವ್ವನ ಅಕ್ಕ, ನನ್ನ ದೊಡ್ಡವ್ವ, ತೀರಿಕೊಂಡಿದ್ದಳು. ಹುಳು ನಾಲ್ಕನೇ ಜ್ವರದಲ್ಲಿದ್ದವು. ಅವ್ವ ಹುಳುಮನೆಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನೀನೂ ನಿಮ್ಮಪ್ಪನೂ ಓಗ್ಬನ್ನಿ. ನಾನು ಬರಕ್ಕಾಗಲ್ಲ” ಎಂದಳು.

ನನಗೆ ತಡೆಯಲಾಗಲಿಲ್ಲ. “ಅವ್ವ, ಓದ್ವರ್ಸದ್ದು ನಿನ್ನಿಂದ ಆದ್ದಲ್ಲ. ಬಾಗ್ಲಾಕುದ್ಮೇಲೆ ನಾನೇ ತೆಗ್ದು, ಬಂಡಳ್ಳಿಯವ್ರ ಜೊತೆ ಒಳಗೆ ಫುಟ್‌ಬಾಲ್ ಆಡ್ದೆ.”

ಅವ್ವ ನನ್ನ ಕಾಲುಗಳನ್ನೇ ನೋಡಿದಳು. “ಒಂದ್ವರ್ಸ ಸುಮ್ನೆ ನೋಡ್ಕಂಡೇ ಇದ್ದಲ್ಲಪ್ಪ” ಎಂದಳು. ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಹುಳು ನೋಡಿಕೊಳ್ಳಲು ಅಪ್ಪ ಉಳಿದ.

ಹೊನ್ನೂರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವ್ವ ನನ್ನನ್ನು ದಾಟಿಕೊಂಡು ಹೋಗಿ, ಮುಂದೆ ಕಂಬಿ ಹಿಡಿದು ನಿಂತಳು.